ಮಸಿ ಒರೆಸದ ಚಿಪ್ಪುಗಳು

ಜನವರಿ ೯

ಪ್ರೀತಿಯ ಮಾವನಿಗೆ,

ನಾನು ಚೂಟಿ, ನಿಮ್ಮ ಅಕ್ಕನ ಮಗಳು. ಈ ಹೆಸರು ಇಟ್ಟವರು ನೀವು, ಕರೆಯುತ್ತಿದ್ದವರೂ ನೀವೊಬ್ಬರೇ. ಹಾಗಾಗಿ ಹನ್ನೆರಡು ವರ್ಷದಿಂದ ಅದು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಸುಮ್ಮನೆ ಬಿದ್ದಿದೆ. ನಾನೀಗ ಹಲ್ಲಿನ ಡಾಕ್ಟರು. ಜನ ನನ್ನೆದುರು ಬಾಯಿ ತೆರೆಯುತ್ತಾರೆ, ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಬೆಳೆದವಳಿಗೆ ಹೇಳಿ ಮಾಡಿಸಿದ ಕೆಲಸ.

ಅಮ್ಮನಿಗೆ ಹೇಳದೆ ಬರೆಯುತ್ತಿದ್ದೇನೆ. ವಿಷಯ ಅಜ್ಜಿಯದು, ಅಂದರೆ ತಾತನ ಲಿವರ್ ರೈಫಲ್ಲಿನದು. ಕ್ಲಬ್ಬಿನವರು ಈಗಲೂ ಅದನ್ನು ಅಜ್ಜಿ ಎಂದೇ ಕರೆಯುತ್ತಾರೆ. ಏಪ್ರಿಲ್ ಮೊದಲ ಭಾನುವಾರ ಶೂಟಿಂಗ್ ಕ್ಲಬ್ಬು ಬಾಗಿಲು ತೆರೆಯುವಾಗ ಮೊದಲ ಗುಂಡು ಇವತ್ತಿಗೂ ಅಜ್ಜಿಯದೇ. ಇರುವವರೆಗೆ ತಾತ ಹೊಡೆದರು, ಅವರು ಹೋದ ಮೇಲೆ ಅಮ್ಮ ಹೊಡೆಯುತ್ತಿದ್ದಾಳೆ. ತಾತ ಕೈಯಾರೆ ಮದ್ದು ತುಂಬಿಟ್ಟಿದ್ದ ತೋಟೆಗಳು ಮುಗಿದುಹೋದವು. ಹೋದ ವರ್ಷ ಅಮ್ಮ ಅಂಗಡಿಯ ಹೊಸ ತೋಟೆ ಹಾಕಿ ಹೊಡೆದಳು. ತಾತನ ಗುಂಡು ದೊಡ್ಡ ಬಾಗಿಲು ಮುಚ್ಚಿದ ಹಾಗೆ ಕೇಳುತ್ತಿತ್ತು. ಇದು ಚಾಟಿಯೇಟು. ಹೊಗೆಯೇ ಇಲ್ಲ. ಅಮ್ಮ ಭುಜ ಉಜ್ಜಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಈ ವರ್ಷವೂ ಅಂಗಡಿಯ ಅದೇ ತೋಟೆ ಪೆಟ್ಟಿಗೆಯಿಂದ ತೆಗೆದು ಹೊಡೆಯುತ್ತಾಳಂತೆ. ಬೇಡ ಎಂದರೆ ತಾತನ ಮಾತನ್ನೇ ಎತ್ತಿ ಮುಖಕ್ಕೆ ಹಿಡಿಯುತ್ತಾಳೆ: "ತಾನಾಗಿ ಕೂತ್ರೆ ಅದರದ್ದೇ ತೋಟೆ ಕಣೇ." ನಮ್ಮ ಮನೆಯ ಪರೀಕ್ಷೆ ನಿಮಗೆ ಗೊತ್ತಲ್ಲ. ಬಂದೂಕಿನ ಮೂತಿ ಕೆಳಗೆ ಮಾಡಿ, ನಳಿಕೆಯ ಬುಡಕ್ಕೆ ತೋಟೆ ಬಿಟ್ಟು ಕಿವಿಗೊಡಬೇಕು. ಎಲ್ಲೂ ತಡೆಯದೆ ಟಕ್ಕೆಂದು ಕೂತರೆ ಪಾಸು. ಹೊಸದು ತಾತನದಕ್ಕಿಂತ ಚೆನ್ನಾಗಿಯೇ ಕೂರುತ್ತದೆ. ಅದೇ ನನಗೆ ಹೆದರಿಕೆ.

ಹನ್ನೆರಡು ವರ್ಷದ ಹಿಂದೆ ಇಡೀ ಕ್ಲಬ್ಬಿನೆದುರು ನೀವು "ಅಪ್ಪಾ, ಇದನ್ನ ಗೋಡೆಗೆ ತೂಗುಹಾಕಿ. ಇಲ್ಲಾಂದ್ರೆ ಒಂದಿನ ಯಾರದಾದ್ರೂ ಮುಖ ಒಡೆಯುತ್ತೆ" ಎಂದದ್ದು ನನಗೆ ನೆನಪಿದೆ. ತಾತ ಮಾತಾಡಲಿಲ್ಲ. ಬಂದೂಕನ್ನು ನಿಮ್ಮ ಕೈಯಿಂದ ತೆಗೆದು ಅಮ್ಮನ ಕೈಗಿಟ್ಟರು. ನೀವು ಊರು ಬಿಟ್ಟು ಅಲ್ಲಿ ಬಂದೂಕು ರಿಪೇರಿ ಅಂಗಡಿ ಹಾಕಿದಿರಿ. ಅಪ್ಪನ ಮಾನ ಕಳೆದವನು ಎಂದು ಅಮ್ಮ ನಿಮ್ಮ ಹೆಸರೆತ್ತುವುದನ್ನೇ ಬಿಟ್ಟಳು.

ನೀವು ಹೇಳಿದ ಆ ಮುಖ ಈಗ ಅಮ್ಮನದು, ಮಾವ. ಏನು ಮಾಡಲಿ?

ನಿಮ್ಮ ಚೂಟಿ


ಜನವರಿ ೧೭

ಚೂಟಿ,

ಮೊದಲು ಆ ಪೆಟ್ಟಿಗೆಯನ್ನು ಬಂದೂಕಿರುವ ಕೋಣೆಯಿಂದ ಆಚೆ ಇಡು. ಓದಿ ಮುಗಿಸಿದ ಮೇಲಲ್ಲ, ಈಗಲೇ. ಇಟ್ಟೆಯಾ? ಇನ್ನು ಓದು.

ಅಪ್ಪನ ಮಾತು ಸುಳ್ಳಲ್ಲ, ಅರ್ಧ. ಅಜ್ಜಿ ಹುಟ್ಟಿದ ಕಾಲಕ್ಕೆ ಆ ಅಳತೆಗೆ ಒಂದೇ ಬಗೆಯ ತೋಟೆ ಇತ್ತು, ಕರಿಮದ್ದಿನದು. ಕೂತರೆ ಸಾಕಿತ್ತು. ಆಮೇಲೆ ಹೊಗೆಯಿಲ್ಲದ ಮದ್ದು ಬಂತು, ಗಟ್ಟಿಮುಟ್ಟಾದ ಬಂದೂಕುಗಳು ಬಂದವು, ಅವಕ್ಕೆಂದು ಅದೇ ಅಳತೆಯಲ್ಲಿ ಬಿರುಸಾದ ತೋಟೆ ಮಾಡಿದರು. ಪೆಟ್ಟಿಗೆಯ ಮೇಲಿನ ಹೆಸರು ಒಂದೇ, ಒಳಗಿನ ಸಿಟ್ಟು ಬೇರೆ. ಕರಿಮದ್ದು ಗುಂಡನ್ನು ತಳ್ಳುತ್ತದೆ, ಆ ಬಿರುಸಿನ ತೋಟೆ ಒದೆಯುತ್ತದೆ. ಚಪ್ಪಲಿ ಸರಿಹೊಂದಿದ ಮಾತ್ರಕ್ಕೆ ಮುದುಕಿಯನ್ನು ಓಟಕ್ಕೆ ನಿಲ್ಲಿಸುತ್ತಾರೇನು?

ಇನ್ನು ಅಜ್ಜಿಯ ಮೈಕಟ್ಟು. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಜೋರು ಹಿಂದಕ್ಕೂ ಬರುತ್ತದೆ, ಹೊಡೆಯುವವರ ಕೆನ್ನೆಯ ಕಡೆಗೆ. ಅದನ್ನು ತೋಟೆಯ ಹಿಂದೆ ಕೂರುವ ಬೋಲ್ಟು ತಡೆಯಬೇಕು. ಆಮೇಲಿನ ಬಂದೂಕುಗಳಲ್ಲಿ ಬೋಲ್ಟಿಗೆ ಉಕ್ಕಿನ ದಪ್ಪ ಅಗುಳಿ ಬೀಳುತ್ತದೆ. ಅಜ್ಜಿಗೆ ಅಗುಳಿಯೇ ಇಲ್ಲ. ಎರಡು ಜೋಡಿ ತೆಳು ಕೊಂಡಿಗಳಿವೆ, ಅಷ್ಟೇ. ಹಿಡಿಯ ಕೆಳಗಿನ ಲಿವರ್ ಇಳಿಸಿದರೆ ಮೊಣಕಾಲಿನಂತೆ ಮಡಚುತ್ತವೆ, ಏರಿಸಿದರೆ ನೆಟ್ಟಗಾಗುತ್ತವೆ. ನೆಟ್ಟಗೆ ನಿಂತಿರುವುದೊಂದೇ ಅವುಗಳ ಬಲ. ಕೊಂಡಿಯ ಪಿನ್ನು ಸವೆದರೆ ಮೊಣಕಾಲು ಸಡಿಲ, ಬೋಲ್ಟು ಹಿಂದೆ ಸರಿಯುತ್ತದೆ, ತೋಟೆಯ ಬುಡ ಬಿಟ್ಟುಹೋದರೂ ಹೋಯಿತು.

ಅಂಗಡಿಯವನು ಚೂಪು ಮೂತಿಯ ಗುಂಡು ಕೊಟ್ಟಿದ್ದಾನೋ ಎಂದೂ ನೋಡು. ಇದರ ತೋಟೆಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗುತ್ತವೆ, ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿಗೆ ತಾಗಿಕೊಂಡೇ ಇರುತ್ತದೆ. ಚೂಪಾಗಿದ್ದರೆ ಒಂದು ಧಕ್ಕೆಗೆ ಕೊಳವೆಯೊಳಗೇ ಸಿಡಿಯಬಹುದು. ಮೂತಿ ಚಪ್ಪಟೆ ಇರಬೇಕು, ಸೀಸ ಮೆತ್ತಗಿರಬೇಕು.

ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡ ಮೇಲೆ, ಪಕ್ಕದ ತಗಡಿನ ಸ್ಕ್ರೂ ಬಿಚ್ಚಿ ಒಳಗೆ ನೋಡು. ನೋಡಿದ್ದನ್ನು ಬರೆ. ನಿಮ್ಮಮ್ಮನ ಜೊತೆ ವಾದಕ್ಕಿಳಿಯಬೇಡ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾವ


ಫೆಬ್ರವರಿ ೨

ಮಾವ,

ಅಮ್ಮ ಪೇಟೆಗೆ ಹೋಗಿದ್ದ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅಜ್ಜಿಯನ್ನು ಮಲಗಿಸಿದೆ. ಖಾಲಿ ಇದೆಯೆಂದು ಎರಡೆರಡು ಸಲ ನೋಡಿದೆ. ಸ್ಕ್ರೂ ಬಿಚ್ಚಿದೆ, ತಗಡು ಕೈಗೆ ಬಂತು. ಅಲ್ಲೇ ಕೂತುಬಿಟ್ಟೆ.

ಇಷ್ಟೇನಾ ಮಾವ? ನನ್ನ ಕಿರುಬೆರಳಿನಷ್ಟು ಅಗಲದ ಕೊಂಡಿಗಳು! ನೂರು ವರ್ಷಕ್ಕೂ ಮೇಲೆ ಪ್ರತಿ ಗುಂಡಿನ ಹಿಂದೇಟನ್ನೂ ತಡೆದದ್ದು ಇವೇನಾ? ಲಿವರನ್ನು ಮೆಲ್ಲಗೆ ಇಳಿಸಿದೆ. ಕೊಂಡಿಗಳು ಮಡಚಿದವು, ಬೋಲ್ಟು ಜಾರಿತು, ತೋಟೆ ಎತ್ತುವ ಹಿತ್ತಾಳೆಯ ತೊಟ್ಟಿಲು ಮೇಲಕ್ಕೆ ಬಂದು ನಿಂತಿತು. ಏರಿಸಿದೆ. ಎಲ್ಲವೂ ತಂತಮ್ಮ ಜಾಗಕ್ಕೆ ಹೋದವು, ಯಾರೂ ಯಾರನ್ನೂ ತಳ್ಳದೆ. ನಾನು ಬಾಯಿ ಬಿಟ್ಟುಕೊಂಡು ಎಷ್ಟು ಸಲ ಇಳಿಸಿ ಏರಿಸಿದೆನೋ ಗೊತ್ತಿಲ್ಲ. ದಿನಾ ದವಡೆ ನೋಡುವವಳು ನಾನು. ದವಡೆಯನ್ನು ಬಿಟ್ಟರೆ ಇಷ್ಟು ಚೆಂದದ ಕೀಲನ್ನು ಕಂಡಿಲ್ಲ. ಇದನ್ನು ಯೋಚಿಸಿದ ಮನುಷ್ಯ ಯಾರೋ, ಅವನಿಗೊಂದು ಕೈಮುಗಿದೆ.

ಪಿನ್ನು ಸವೆದರೆ ಬೋಲ್ಟು ಹಿಂದೆ ಸರಿಯುತ್ತದೆ ಎಂದಿದ್ದಿರಲ್ಲ, ಆಮೇಲೆ ಲಿವರ್ ಮುಚ್ಚಿಟ್ಟು ಬೋಲ್ಟನ್ನು ಬೆರಳಿನಿಂದ ಹಿಂದಕ್ಕೆ ಒತ್ತಿದೆ. ಅಲ್ಲಾಡುತ್ತದೆ. ಹೆಚ್ಚಲ್ಲ, ಆದರೆ ಆ ಅಲುಗಾಟ ನನ್ನ ಬೆರಳಿಗೆ ಚೆನ್ನಾಗಿ ಗೊತ್ತು. ಕೀಳಬೇಕಾದ ಹಲ್ಲು ಹೀಗೇ ಅಲ್ಲಾಡುವುದು.

ಮೂತಿ ಚಪ್ಪಟೆಯೇ ಇದೆ, ಅದೊಂದು ಸಮಾಧಾನ. ಕೊಂಡಿಗಳನ್ನೇ ದಪ್ಪ ಉಕ್ಕಿನಲ್ಲಿ ಹೊಸದಾಗಿ ಮಾಡಿ ಹಾಕಿದರೆ ಯಾವ ತೋಟೆಯನ್ನಾದರೂ ತಾಳುವುದಿಲ್ಲವೇ?

ಅಮ್ಮ ಬಂದಳು. ಮೇಜಿನ ಮೇಲೆ ಎಣ್ಣೆಯ ಕಲೆ ನೋಡಿ "ತಾತನ ಬುದ್ಧಿಯೇ ಬಂದಿದೆ ನಿಂಗೆ" ಎಂದಳು. ಕೊನೆಗಾಲದಲ್ಲಿ ತಾತ ಅಡುಗೆಮನೆಯಿಂದ ಲೋಟಗಟ್ಟಲೆ ರವೆ ಕದ್ದು ಕೆಲಸದ ಕೋಣೆಗೆ ಒಯ್ಯುತ್ತಿದ್ದರಂತೆ. ಕೇಳಿದರೆ ಗುಬ್ಬಿಗಳಿಗೆ ಎನ್ನುತ್ತಿದ್ದರಂತೆ. "ಒಂದು ಗುಬ್ಬೀನೂ ನಾನು ನೋಡ್ಲಿಲ್ಲ" ಎಂದು ನಕ್ಕಳು. ಅಷ್ಟು ಚೆನ್ನಾಗಿ ನಗುವಾಗ ನಿಮ್ಮ ಹೆಸರೆತ್ತೋಣ ಎನಿಸಿತು. ಧೈರ್ಯ ಬರಲಿಲ್ಲ.

ಚೂಟಿ


ಫೆಬ್ರವರಿ ೮

ಚೂಟಿ,

ದಪ್ಪ ಕೊಂಡಿಯ ಬುದ್ಧಿ ನನಗೂ ಬಂದಿತ್ತು, ನಿನ್ನ ವಯಸ್ಸಿನಲ್ಲೇ. ಅಪ್ಪ ಒಂದೇ ಮಾತು ಹೇಳಿದ್ದರು: "ಮೊಣಕಾಲು ಗಟ್ಟಿ ಮಾಡಿದ್ರೆ ತೊಡೆ ಮುರಿಯುತ್ತೆ ಕಣೋ." ಕೊಂಡಿ ತಡೆದದ್ದು ಚೌಕಟ್ಟಿನ ಮೇಲೆ ಬೀಳುತ್ತದೆ. ಆ ಕಬ್ಬಿಣ ಹಳೇ ಕಾಲದ್ದು, ಮೆತ್ತಗಿನದು. ಪಿನ್ನನ್ನು ಮಾತ್ರ ಬದಲಿಸಬಹುದು, ಸಡಿಲ ಹೋಗುವಷ್ಟು. ಬಲ ಹೆಚ್ಚಿಸಲು ಯಾರಿಂದಲೂ ಆಗದು. ಏಟು ಕಡಿಮೆ ಮಾಡಬೇಕು, ಅದೊಂದೇ ದಾರಿ.

ನೀನು ಬಾಯಿ ಬಿಟ್ಟುಕೊಂಡು ಕೂತದ್ದನ್ನು ಓದಿ ನನಗೆ ಎಷ್ಟು ಖುಷಿಯಾಯಿತೆಂದು ಬರೆಯುವುದಿಲ್ಲ. ಮೊದಲ ಸಲ ಅಪ್ಪ ಆ ತಗಡು ಬಿಚ್ಚಿ ತೋರಿಸಿದಾಗ ನಾನೂ ಹಾಗೇ ಕೂತಿದ್ದೆ. ನಿಮ್ಮಮ್ಮನೂ ನನ್ನ ಪಕ್ಕದಲ್ಲೇ ಕೂತಿದ್ದಳು.

ಈಗ ಒಂದು ಕೆಲಸ. ಪ್ರತಿ ವರ್ಷದ ಮೊದಲ ಗುಂಡಿನ ಖಾಲಿ ಚಿಪ್ಪನ್ನು ಅಪ್ಪ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದರು. ಹತ್ತಿಯಲ್ಲಿ ಸುತ್ತಿ, ಬುಡದಲ್ಲಿ ವರ್ಷ ಕೆತ್ತಿ. ಮಸಿ ಒರೆಸಲು ಬಿಡುತ್ತಿರಲಿಲ್ಲ, ಒರೆಸಿದ್ದಕ್ಕೆ ನನಗೆ ಒಮ್ಮೆ ಏಟೂ ಬಿದ್ದಿತ್ತು. ನಿಮ್ಮಮ್ಮ ಆ ಡಬ್ಬಿ ಬಿಸಾಡುವವಳಲ್ಲ. ಚಿಪ್ಪಿನೊಳಗೆ ಸಣ್ಣ ಕೊಕ್ಕೆ ಇಳಿಸಿ ಬುಡದ ಹತ್ತಿರ ಎಳೆದು ನೋಡು. ಎಲ್ಲಾದರೂ ಹಳ್ಳ ಸಿಕ್ಕರೆ ಹಿತ್ತಾಳೆ ಅಲ್ಲಿ ಹಿಗ್ಗಿ ಹರಿಯಹೊರಟಿದೆ ಎಂದರ್ಥ, ತಕ್ಷಣ ಬರೆ.

ಮಾವ


ಫೆಬ್ರವರಿ ೨೦

ಮಾವ,

ಡಬ್ಬಿ ಅಮ್ಮನ ಬೀರುವಿನಲ್ಲೇ ಇತ್ತು, ಸೀರೆಗಳ ನಡುವೆ. ಅಷ್ಟೂ ಚಿಪ್ಪುಗಳನ್ನು ಕಿಟಕಿಯ ಕಟ್ಟೆಯ ಮೇಲೆ ವರ್ಷದ ಪ್ರಕಾರ ನಿಲ್ಲಿಸಿದೆ. ಒಂದು ಮನೆತನವೇ ಸಾಲಾಗಿ ನಿಂತ ಹಾಗಿತ್ತು. ಹಲ್ಲಿನ ಬೇರು ತಡಕುವ ನನ್ನ ಕೊಕ್ಕೆ ಇದಕ್ಕೆಂದೇ ಮಾಡಿದಂತಿದೆ. ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡಲ್ಲವೇ!

ತಾತ ತುಂಬಿದ್ದು ಒಂದೊಂದೂ ನುಣುಪು. ಕೊನೆಯದು, ಹೋದ ವರ್ಷ ಅಮ್ಮ ಹೊಡೆದ ಅಂಗಡಿಯದು. ಬುಡದ ಹತ್ತಿರ ಕೊಕ್ಕೆ ಹಳ್ಳಕ್ಕೆ ಬಿತ್ತು. ಸುತ್ತಲೂ ಎಳೆದೆ, ಸುತ್ತಲೂ ಹಳ್ಳ. ಬೆಳಕಿಗೆ ಹಿಡಿದರೆ ಹೊರಗಡೆ ಉಂಗುರದಂತೆ ಹೊಳೆಯುವ ಗೆರೆ, ಅದರೊಳಗೆ ಒಂದು ಕಡೆ ಕೂದಲೆಳೆಯಷ್ಟು ಬಿರುಕು.

ಅಮ್ಮನ ಕೆನ್ನೆ ಅದರ ಪಕ್ಕದಲ್ಲೇ ಇತ್ತು, ಮಾವ. ಹಾಗಿದ್ದೂ ಆ ಸವೆದ ಮೊಣಕಾಲಿನ ಮುದುಕಿ ತಡೆದುಕೊಂಡು ನಿಂತಿತಲ್ಲ! ಮುಟ್ಟಿದರೆ ತಣ್ಣಗಿನ ಕಬ್ಬಿಣ. ಆದರೂ ಅದರ ಮುಂದೆ ಜೋರಾಗಿ ಮಾತಾಡಲು ನನಗೆ ಈಗ ಮನಸ್ಸು ಬರುತ್ತಿಲ್ಲ.

ಅಮ್ಮನನ್ನು ಕರೆದು ತೋರಿಸಿದೆ. ಅವಳು ಉಗುರಿನಿಂದ ಆ ಗೆರೆಯನ್ನು ಮುಟ್ಟಿ ನೋಡಿದಳು. ಮುಖ ಬಿಳುಚಿತು. ಆದರೂ ಬಾಯಿ ಸೋಲಬೇಕಲ್ಲ: "ಆ ತೋಟೆ ಕೆಟ್ಟದ್ದಿರಬೇಕು. ಬೇರೆ ಕಂಪನಿಯದ್ದು ತರ್ತೀನಿ. ಅಪ್ಪ ಕೊನೇವರೆಗೂ ಹೊಡೆದ ಬಂದೂಕು, ನನ್ನ ಕಾಲದಲ್ಲಿ ಗೋಡೆಗೆ ಹೋಗಲ್ಲ." ಹಾಗೆಂದು ಹೂಕುಂಡಗಳಿಗೆ ನೀರು ಹಾಕಲು ಹೋದಳು. ಬೆಳಿಗ್ಗೆ ತಾನೇ ಹಾಕಿದ್ದಳು.

ಇನ್ನೊಂದು ವಿಷಯ, ಇದರ ಅರ್ಥ ನನಗಾಗಲಿಲ್ಲ. ತಾತನ ಹಳೆಯ ಚಿಪ್ಪುಗಳಲ್ಲಿ ಮಸಿ ಬಾಯಂಚಿನಲ್ಲಿ ಮಾತ್ರ ಇದೆ, ಕಾಡಿಗೆ ಎಳೆದ ಹಾಗೆ. ನೀವು ಊರು ಬಿಟ್ಟಿರಲ್ಲ, ಅದರ ಮರುವರ್ಷದ ಚಿಪ್ಪಿನಲ್ಲಿ ಅದು ಹೊರಮೈಯ ಅರ್ಧದವರೆಗೂ ಇಳಿದಿದೆ. ಅಲ್ಲಿಂದ ತಾತ ತುಂಬಿದ ಎಲ್ಲವೂ ಹಾಗೇ. ಅಂಗಡಿಯದಕ್ಕೆ ಮಸಿಯೇ ಇಲ್ಲ. ತಾತನ ಕೈ ಆಗ ನಡುಗಲು ಶುರುವಾಗಿತ್ತೇ? ಮದ್ದು ಸರಿಯಾಗಿ ತುಂಬಲು ಆಗುತ್ತಿರಲಿಲ್ಲವೇ?

ಚೂಟಿ


ಮಾರ್ಚ್ ೧೫

ಚೂಟಿ,

ಉತ್ತರ ತಡವಾಯಿತು. ನಿನ್ನ ಪತ್ರ ಬಂದ ದಿನ ಅಂಗಡಿ ಬಾಗಿಲು ಹಾಕಿ ಊರ ಹೊರಗಿನವರೆಗೂ ನಡೆದುಹೋದೆ. ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಕಳೆದೆ.

ಅಪ್ಪನ ಕೈ ನಡುಗಿರಲಿಲ್ಲ. ಗುಂಡು ಹಾರುವಾಗ ಹಿತ್ತಾಳೆಯ ಚಿಪ್ಪು ಉಬ್ಬಿ ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಹೊಗೆ ಹಿಂದೆ ಬಾರದಂತೆ. ಮದ್ದು ಮೆತ್ತಗಿದ್ದರೆ ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ಹೊಗೆ ಹೊರಮೈಗುಂಟ ಇಳಿಯುತ್ತದೆ. ಮಸಿ ಕೆಳಗಿಳಿದಷ್ಟೂ ಮದ್ದು ಕಡಿಮೆ.

ಕರಿಮದ್ದನ್ನು ಕಡಿಮೆ ಮಾಡಿದರೆ ಮೇಲೆ ಖಾಲಿ ಜಾಗ ಬಿಡುವಂತಿಲ್ಲ, ಅದು ಅಪಾಯ. ಏನಾದರೂ ತುಂಬಬೇಕು. ನಮ್ಮ ಕಸುಬಿನವರು ತುಂಬುವುದು ರವೆಯನ್ನು. ಗುಬ್ಬಿಗಳಿಗಲ್ಲ ಕಣೇ.

ನಾನು ಅಷ್ಟು ಜನರೆದುರು ಆಡಿದ ಮಾತಿಗೆ ಅಪ್ಪ ಉತ್ತರ ಕೊಡಲಿಲ್ಲವೆಂದು ಇಷ್ಟು ವರ್ಷ ಉರಿದುಕೊಂಡೆ. ಮರುವರ್ಷವೇ ಮದ್ದು ಇಳಿಸಿದ್ದಾರೆ. ಅವರು ನನ್ನ ಮಾತು ಕೇಳಿದ್ದರು, ಚೂಟಿ. ಬಂದೂಕನ್ನೂ ಬಿಡಲಿಲ್ಲ, ನನ್ನ ಮಾತನ್ನೂ ಬಿಡಲಿಲ್ಲ. ಒರೆಸಬಾರದು ಎಂದ ಆ ಮಸಿಯಲ್ಲಿ ಉತ್ತರ ಇಟ್ಟು ಹೋಗಿದ್ದಾರೆ. ಐವತ್ತು ದಾಟಿದ ಗಂಡಸು ರಸ್ತೆಯಲ್ಲಿ ಅಳುತ್ತಾ ಹೋಗುವುದನ್ನು ಈ ಊರಿನ ನಾಯಿಗಳು ನೋಡಿದವು, ನೋಡಲಿ.

ಅದೇ ರೀತಿ ಕೆಲವು ತೋಟೆ ತುಂಬುತ್ತಿದ್ದೇನೆ. ಕರಿಮದ್ದು, ರವೆ, ಮೆತ್ತನೆ ಸೀಸದ ಚಪ್ಪಟೆ ಗುಂಡು. ಪಿನ್ನುಗಳನ್ನೂ ಕಡೆಯುತ್ತಿದ್ದೇನೆ. ಕೊಳವೆ ತುಂಬಬೇಡಿ, ನಿಮ್ಮಮ್ಮ ಒಂದೊಂದೇ ಹಾಕಿ ಹೊಡೆಯಲಿ. ಕರಿಮದ್ದಿನ ಕೊಳೆ ಕಬ್ಬಿಣ ತಿನ್ನುತ್ತದೆ, ಅವತ್ತೇ ಬಿಸಿನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಬೇಕು.

ಮದ್ದು ತುಂಬಿದ್ದನ್ನು ಅಂಚೆಯವರು ಮುಟ್ಟುವುದಿಲ್ಲ. ನಾನೇ ತರಬೇಕು. ಬೇರೆ ದಾರಿ ಇಲ್ಲ. ಕ್ಲಬ್ಬಿನ ಶೆಡ್ಡಿನಲ್ಲಿ ಪಿನ್ನು ಹಾಕುವ ಕೆಲಸ ಮುಗಿಸಿ ಹೋಗುತ್ತೇನೆ, ಮನೆಗೆ ಬರುವುದಿಲ್ಲ. ಬೇರೆ ದಾರಿ ಇಲ್ಲವೆಂದು ನಿಮ್ಮಮ್ಮನಿಗೆ ಹೇಳು.

ಮಾವ


ಮಾರ್ಚ್ ೨೩

ಮಾವ,

ಕಳ್ಳತನ ಸಾಕಾಗಿ ನಿಮ್ಮ ಪತ್ರವನ್ನು ಅಮ್ಮನ ಮುಂದಿಟ್ಟೆ. "ಇವನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ" ಎಂದಳು. ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಎದ್ದು ಅಡುಗೆಮನೆಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ರವೆಯ ಡಬ್ಬಿ ತೆರೆದುಕೊಂಡು ನಿಂತಿದ್ದಳು. "ಗುಬ್ಬಿಗಳಿಗೆ ಅಂತ ನಂಗೇ ಸುಳ್ಳು ಹೇಳಿದ್ರಲ್ಲೇ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇತ್ತು.

ಅಂಗಡಿಯ ಪೆಟ್ಟಿಗೆ ಅಂಗಡಿಗೆ ವಾಪಸ್ಸು ಹೋಯಿತು. ನೀವು ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆದರೆ ಇವತ್ತು ನಿಮ್ಮ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಕೇಳಿದರೆ ತಿಗಣೆ ಎಂದಳು.

ಬೇರೆ ದಾರಿ ಇಲ್ಲದ್ದಕ್ಕೆ ಅಂಚೆಯವರು ಚೆನ್ನಾಗಿರಲಿ.

ಚೂಟಿ


ಏಪ್ರಿಲ್ ೧೨

ತಮ್ಮನಿಗೆ,

ನಿನಗೆ ಬರೆಯುವ ಅಭ್ಯಾಸ ತಪ್ಪಿಹೋಗಿದೆ, ಅದಕ್ಕೆ ಬೈಗುಳದಿಂದಲೇ ಶುರುಮಾಡುತ್ತೇನೆ. ಗುಂಡಿನ ಹೊಗೆ ಆರುವ ಮೊದಲೇ ಚೀಲ ಹೆಗಲಿಗೇರಿಸಿ ಹೊರಟುಹೋದೆಯಲ್ಲ, ನಿನಗೆ ಅಷ್ಟೂ ತಿಳಿಯಬಾರದೇ? ಹಾಸಿಗೆ ಒಣಗಿಸಿದ್ದು ತಿಗಣೆಗಲ್ಲ.

ಎಲ್ಲರೆದುರು ನಾನೇ ಬಂದೂಕನ್ನು ನಿನ್ನ ಕಡೆ ಚಾಚಿದೆ. ಅಪ್ಪ ಅದನ್ನು ನಿನ್ನಿಂದ ತೆಗೆದುಕೊಂಡ ಜಾಗವೂ ಅದೇ, ನೋಡುತ್ತಿದ್ದ ಜನರೂ ಬಹುಮಟ್ಟಿಗೆ ಅವರೇ. ನೀನೇ ಹೊಡೆಯುತ್ತೀಯ ಎಂದುಕೊಂಡಿದ್ದೆ. ನೀನು ಮೂತಿ ಇಳಿಸಿ, ತೋಟೆ ಬಿಟ್ಟು, ತಲೆ ಬಾಗಿಸಿ ಕೇಳಿದೆ. ಥೇಟ್ ಅಪ್ಪ. "ಕೂತಿತು, ಅಕ್ಕ" ಎಂದು ನನ್ನ ಕೈಗೆ ವಾಪಸ್ಸು ಕೊಟ್ಟೆ. ಹನ್ನೆರಡು ವರ್ಷದ ಮೇಲೆ ಎರಡೇ ಮಾತು. ಸಾಕಾಯಿತು ನನಗೆ.

ನೀನು ನೋಡದೆ ಹೋದದ್ದನ್ನು ಹೇಳುತ್ತೇನೆ. ಅದೇ ದೊಡ್ಡ ಬಾಗಿಲಿನ ಶಬ್ದ. ಭುಜಕ್ಕೆ ಯಾರೋ ಮೆಲ್ಲಗೆ ಕೈಯಿಟ್ಟ ಹಾಗಾಯಿತು, ಅಷ್ಟೇ. ಬಿಳಿ ಹೊಗೆ ಎದ್ದು ಗುರಿ, ಜನ, ಮರ ಎಲ್ಲವನ್ನೂ ಮುಚ್ಚಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊಗೆ ಸರಿಯುವವರೆಗೆ ಟೋಪಿ ತೆಗೆದು ನಿಂತಿದ್ದರು, ಕ್ಲಬ್ಬಿನ ಮುದುಕ ಕಾರ್ಯದರ್ಶಿಯೂ. ಗುರಿಗೆ ಬಿತ್ತೇ ಎಂದು ಕೇಳುವುದನ್ನೇ ಎಲ್ಲರೂ ಮರೆತಿದ್ದರು. ಅಜ್ಜಿಯನ್ನು ಅವತ್ತೇ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿದ್ದೇನೆ, ಹೇಳಿಸಿಕೊಳ್ಳಬೇಕಾಗಿಲ್ಲ.

ಈ ವರ್ಷದ ಚಿಪ್ಪು ನನ್ನ ಮುಂದಿದೆ. ಒರೆಸಿಲ್ಲ. ಅಪ್ಪ ತುಂಬಿದ ಕೊನೆಯದರ ಪಕ್ಕ ನಿಲ್ಲಿಸಿ ನೋಡಿದೆ. ಎರಡರಲ್ಲೂ ಮಸಿ ಒಂದೇ ಕಡೆ ಬಂದು ನಿಂತಿದೆ. ಅಪ್ಪ ನಿನಗೆ ಅಳತೆ ಹೇಳಿರಲಿಲ್ಲ, ನೀನು ಊರು ಬಿಟ್ಟ ಮೇಲಿನ ಚಿಪ್ಪುಗಳನ್ನು ಕಣ್ಣಿನಿಂದ ನೋಡಿರಲಿಲ್ಲ. ಬೆಳಗಿನಿಂದ ಅದನ್ನೇ ನೋಡುತ್ತಾ ಕೂತಿದ್ದೇನೆ. ಚೂಟಿ ಊಟಕ್ಕೆ ಕರೆದು ಕರೆದು ಸುಮ್ಮನಾದಳು.

ಬುಡದಲ್ಲಿ ವರ್ಷ ಇನ್ನೂ ಕೆತ್ತಿಲ್ಲ. ಖಾಲಿ ಚಿಪ್ಪಾದ್ದರಿಂದ ಅಂಚೆಯವರು ಒಯ್ಯುತ್ತಾರೆ ಎಂದು ಚೂಟಿ ಹೇಳುತ್ತಾಳೆ.

ಒಯ್ಯಬಹುದು. ನಾನು ಕಳಿಸುವುದಿಲ್ಲ. ಬಂದು ಕೆತ್ತು.

ನಿನ್ನ ಅಕ್ಕ